ಗುಗ್ಗೆ ಕೊಳೆಯಲ್ಲ: ಹೊರಕಿವಿಯ ರಚನೆ, ಕೆಲಸ ಮತ್ತು ಕಾಯಿಲೆಗಳು

ತುದಿಯಲ್ಲಿ ಪುಟ್ಟ ಕ್ಯಾಮೆರಾ ಇರುವ, ಮೊಬೈಲ್‌ಗೆ ಜೋಡಿಸಿಕೊಳ್ಳುವ ಕಿವಿ ಕಡ್ಡಿಗಳು ಈಗ ಸುಲಭವಾಗಿ ಸಿಗುತ್ತವೆ. ನಿನ್ನೆ ಮೊನ್ನೆಯವರೆಗೆ ವೈದ್ಯರಷ್ಟೇ ಇಣುಕುತ್ತಿದ್ದ ಕಿವಿಯ ಒಳಭಾಗವನ್ನು ಇಂದು ಯಾರು ಬೇಕಾದರೂ ಫೋನಿನ ಪರದೆಯ ಮೇಲೆ ನೋಡಬಹುದು. ಮೊದಲ ಸಲ ನೋಡಿದವರು ಬೆಚ್ಚುತ್ತಾರೆ. ಹಳದಿ, ಕಂದು ಬಣ್ಣದ ಅಂಟು, ಅದರ ನಡುವೆ ಕೂದಲು, ಸಣ್ಣಗೆ ಸುಲಿದೆದ್ದ ಚರ್ಮದ ಚೂರುಗಳು! ಕೂಡಲೇ ಕೆರೆದು ತೆಗೆಯಬೇಕೆನ್ನಿಸುತ್ತದೆ. ಇನ್ನು ದಿನವಿಡೀ ಇಯರ್‌ಫೋನ್ ಹಾಕಿಕೊಂಡು ಕೆಲಸ ಮಾಡುವವರಲ್ಲಿ ತುರಿಕೆ, ಕಿವಿ ಕಟ್ಟಿದ ಅನುಭವ ಮಾಮೂಲಾಗಿದೆ. ಅವರೂ ಅದೇ ಕಡ್ಡಿಗೆ ಕೈ ಹಾಕುತ್ತಾರೆ.

ಕ್ಯಾಮೆರಾ ಕಂಡದ್ದನ್ನು ತೋರಿಸುತ್ತದೆ, ಅಷ್ಟೇ. ಅದು ರೋಗವೋ ಸಹಜವೋ ಎಂದು ತಿಳಿಸಲು ಅದಕ್ಕೆ ಬಾರದು. ಅದನ್ನು ಅರಿಯಬೇಕಾದರೆ ಹೊರಕಿವಿ ಹೇಗೆ ಕಟ್ಟಲ್ಪಟ್ಟಿದೆ, ದಿನನಿತ್ಯ ಏನು ಮಾಡುತ್ತಿರುತ್ತದೆ ಎಂಬಲ್ಲಿಂದ ಶುರುಮಾಡಬೇಕು.

## ಎಲ್ಲಿಂದ ಎಲ್ಲಿಯವರೆಗೆ ಹೊರಕಿವಿ?

ಕಿವಿಗೆ ಮೂರು ಭಾಗ: ಹೊರಕಿವಿ, ನಡುಕಿವಿ, ಒಳಕಿವಿ. ತಲೆಯ ಪಕ್ಕದಲ್ಲಿ ನಮಗೆ ಕಾಣುವುದು ಹಾಲೆ. ಹಾಲೆಯ ನಡುವಿನ ರಂಧ್ರದಿಂದ ಒಂದು ಕಾಲುವೆ ಒಳಗೆ ಹೋಗುತ್ತದೆ. ಆ ಕಾಲುವೆಯ ಕೊನೆಯಲ್ಲಿ ಗೋಡೆಯಂತೆ ಅಡ್ಡ ನಿಂತಿರುವ ತೆಳುಪೊರೆಯೇ ಕಿವಿಯ ತಮಟೆ. ಹಾಲೆಯಿಂದ ತಮಟೆಯವರೆಗಿನದು ಹೊರಕಿವಿ. ತಮಟೆಯ ದಪ್ಪ ಸುಮಾರು 0.1 ಮಿಲಿಮೀಟರ್, ಅಡ್ಡಳತೆ 8ರಿಂದ 10 ಮಿಲಿಮೀಟರ್. ಅದರ ಆಚೆಗೆ ಮೂರು ಪುಟಾಣಿ ಮೂಳೆಗಳಿರುವ ನಡುಕಿವಿ. ಮೂಗಿನ ಹಿಂಬದಿಗೆ ಒಂದು ಕೊಳವೆಯ ಮೂಲಕ ಸಂಪರ್ಕ ಇರುವುದು ಈ ನಡುಕಿವಿಗೆ.

ಈ ಗಡಿಯನ್ನು ನೆನಪಿನಲ್ಲಿ ಇಟ್ಟುಕೊಂಡರೆ ಎಷ್ಟೋ ಗೊಂದಲ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ತಮಟೆ ಹರಿಯದೆ ಇದ್ದರೆ ಸ್ನಾನದ ನೀರು ಅದನ್ನು ದಾಟಿ ಒಳಗೆ ಹೋಗಲಾರದು. ನೆಗಡಿಯ ಬೆನ್ನಿಗೆ ಮಕ್ಕಳಿಗೆ ಬರುವ ಕಿವಿನೋವು ಸಾಮಾನ್ಯವಾಗಿ ನಡುಕಿವಿಯದು. ಈಜಿದ ಮೇಲೆ ಬರುವುದು ಹೊರಕಿವಿಯದು. ಎರಡಕ್ಕೂ ಚಿಕಿತ್ಸೆ ಬೇರೆ.

ಹಾಲೆಯನ್ನು ಬೆರಳಿನಿಂದ ಮಡಚಿ ಬಿಟ್ಟರೆ ಅದು ಥಟ್ಟನೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಒಳಗಿರುವುದು ಮೂಳೆಯಲ್ಲ, ಸ್ಥಿತಿಸ್ಥಾಪಕ ಗುಣದ ಮೃದ್ವಸ್ಥಿ. ಓಲೆ ಹಾಕುವ ತುದಿಯಲ್ಲಿ ಮಾತ್ರ ಮೃದ್ವಸ್ಥಿ ಇಲ್ಲ. ಅಲ್ಲಿರುವುದು ಕೊಬ್ಬು ಮತ್ತು ನಾರಿನಂಥ ಅಂಗಾಂಶ. ಮೃದ್ವಸ್ಥಿಗೆ ತನ್ನದೇ ಆದ ರಕ್ತನಾಳಗಳಿಲ್ಲ ಎಂಬುದು ಮುಂದೆ ಬಹಳ ಮುಖ್ಯವಾಗುತ್ತದೆ. ಅದನ್ನು ಸುತ್ತಿಕೊಂಡಿರುವ ತೆಳ್ಳನೆಯ ಹೊದಿಕೆಯಿಂದಲೇ ಅದಕ್ಕೆ ಆಹಾರ, ಆಮ್ಲಜನಕ ಇಳಿದು ಬರಬೇಕು.

ಗರ್ಭದಲ್ಲಿ ಆರನೆಯ ವಾರದ ಸುಮಾರಿಗೆ ಆರು ಪುಟ್ಟ ಉಬ್ಬುಗಳು ಕೂಡಿಕೊಂಡು ಈ ಹಾಲೆ ರೂಪುಗೊಳ್ಳುತ್ತದೆ. ಆಗ ಅದು ಇರುವುದು ಕುತ್ತಿಗೆಯ ಹತ್ತಿರ; ದವಡೆ ಬೆಳೆದಂತೆ ಮೇಲೇರುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಕಿವಿಯ ಮುಂಭಾಗದಲ್ಲಿ ಸೂಜಿಮೊನೆಯಷ್ಟು ತೂತು ಇರುವುದು ಆ ಉಬ್ಬುಗಳು ಸರಿಯಾಗಿ ಬೆಸೆದುಕೊಳ್ಳದ ಗುರುತು. ಅದು ಸುಮ್ಮನಿದ್ದರೆ ಏನೂ ಮಾಡಬೇಕಿಲ್ಲ. ಮತ್ತೆ ಮತ್ತೆ ಕೀವು ತುಂಬಿದರೆ ಮಾತ್ರ ಶಸ್ತ್ರಚಿಕಿತ್ಸೆಯ ಮಾತು.

## ಎರಡು ಬಗೆಯ ಕಾಲುವೆ

ವಯಸ್ಕರ ಕಿವಿಗಾಲುವೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಅದು ನೇರವಾಗಿಲ್ಲ, ತುಸು ತಿರುಚಿಕೊಂಡಿದೆ. ಪರೀಕ್ಷಿಸುವಾಗ ವೈದ್ಯರು ದೊಡ್ಡವರ ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯುವುದು, ಎಳೆಯ ಮಕ್ಕಳದ್ದನ್ನು ಕೆಳಕ್ಕೂ ಹಿಂದಕ್ಕೂ ಎಳೆಯುವುದು ಈ ತಿರುವನ್ನು ನೆಟ್ಟಗಾಗಿಸಲು.

ಹೊರಗಿನ ಮೂರನೆಯ ಒಂದು ಭಾಗದ ಗೋಡೆ ಮೃದ್ವಸ್ಥಿಯದು. ಅಲ್ಲಿ ಚರ್ಮ ದಪ್ಪಗಿದೆ, ಕೂದಲಿದೆ, ಗ್ರಂಥಿಗಳಿವೆ. ಒಳಗಿನ ಎರಡು ಭಾಗದ ಗೋಡೆ ಮೂಳೆಯದು. ಅಲ್ಲಿ ಕೂದಲೂ ಇಲ್ಲ, ಗ್ರಂಥಿಗಳೂ ಇಲ್ಲ. ಬಹಳ ತೆಳುವಾದ ಚರ್ಮ ಮೂಳೆಗೆ ಅಂಟಿಕೊಂಡಿದೆ. ಮುಟ್ಟಿದರೆ ಜೀವ ಹೋದಂತೆ ನೋಯುತ್ತದೆ, ಕೆರೆದರೆ ತಕ್ಷಣ ರಕ್ತ ಬರುತ್ತದೆ. ಗುಗ್ಗೆ ಹುಟ್ಟುವುದು ಹೊರಭಾಗದಲ್ಲಿ ಮಾತ್ರ. ತಮಟೆಗೆ ಮೆತ್ತಿಕೊಂಡ ಗುಗ್ಗೆ ಕಂಡರೆ ಹೆಚ್ಚಿನ ಸಲ ಅದನ್ನು ಅಲ್ಲಿಯವರೆಗೆ ಏನೋ ಒಂದು ತಳ್ಳಿದೆ ಎಂದೇ ಅರ್ಥ.

## ಸದ್ದನ್ನು ಹಿಡಿಯುವುದಷ್ಟೇ ಅಲ್ಲ, ತಿದ್ದುವುದು

ಕೇಳಿಸದಿದ್ದಾಗ ಕಿವಿಯ ಹಿಂದೆ ಅಂಗೈ ಒಡ್ಡುತ್ತೇವೆ. ಹಾಲೆಯ ಕೆಲಸವೂ ಅಂಥದ್ದೇ ಎಂದು ಸಾಮಾನ್ಯ ತಿಳಿವಳಿಕೆ. ಅದು ಅರ್ಧ ನಿಜ. ಹೊರಕಿವಿ ಸದ್ದನ್ನು ಒಳಗೆ ಬಿಟ್ಟುಕೊಳ್ಳುವಾಗಲೇ ಅದನ್ನು ತಿದ್ದುತ್ತದೆ.

ಖಾಲಿ ಬಾಟಲಿಯ ಬಾಯಿಗೆ ತುಟಿಯಿಟ್ಟು ಊದಿದರೆ ಒಂದು ನಿಗದಿತ ಸ್ವರ ಹೊಮ್ಮುತ್ತದೆ. ಬಾಟಲಿಯೊಳಗಿನ ಗಾಳಿಗೆ ಒಪ್ಪುವ ಸ್ವರ ಅದು. ಒಂದು ತುದಿ ಮುಚ್ಚಿದ ನಳಿಕೆಯಾದ ಕಿವಿಗಾಲುವೆಗೂ ಹಾಗೊಂದು ಇಷ್ಟದ ಸ್ವರವಿದೆ: ಸೆಕೆಂಡಿಗೆ ಸುಮಾರು 2,500ರಿಂದ 3,000 ಕಂಪನಗಳಷ್ಟು. ಆ ಆಸುಪಾಸಿನ ಸದ್ದುಗಳು ತಮಟೆ ಮುಟ್ಟುವ ವೇಳೆಗೆ 10ರಿಂದ 15 ಡೆಸಿಬೆಲ್ ಹೆಚ್ಚು ಬಲವಾಗಿರುತ್ತವೆ. ಒಂದು ವ್ಯಂಜನವನ್ನು ಇನ್ನೊಂದರಿಂದ ಬೇರ್ಪಡಿಸುವ ಹಲವು ಸುಳಿವುಗಳು ಇದೇ ಕಂಪನಗಳ ಸುತ್ತಮುತ್ತ ಇವೆ. ಬ್ಯಾಟರಿಯಿಲ್ಲ, ತಂತಿಯಿಲ್ಲ, ಬರಿಯ ಒಂದು ನಳಿಕೆಯ ಉದ್ದದಿಂದ ಮಾತು ನಮಗೆ ಸ್ಪಷ್ಟವಾಗುತ್ತದೆ ಎಂಬುದು ನನಗೆ ಈಗಲೂ ಬೆರಗಿನ ಸಂಗತಿ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಗದ್ದಲದಲ್ಲಿ ವರ್ಷಗಟ್ಟಲೆ ದುಡಿದವರ ಶ್ರವಣಶಕ್ತಿ ಮೊದಲು ಕುಂದುವುದು 4,000 ಕಂಪನಗಳ ಸುತ್ತ. ಕಾಲುವೆ ಈ ಆಸುಪಾಸಿನ ಕಂಪನಗಳ ಸದ್ದನ್ನು ಬಲಪಡಿಸಿ ಒಳಗೆ ಕಳಿಸುವುದು ಅದಕ್ಕೆ ಒಂದು ಕಾರಣ.

ಇನ್ನು ಹಾಲೆಯ ಮಡಿಕೆಗಳು. ಸದ್ದು ಎಡದಿಂದ ಬಂದಿತೋ ಬಲದಿಂದಲೋ ಎಂದು ಮಿದುಳು ಎರಡೂ ಕಿವಿಗಳನ್ನು ಹೋಲಿಸಿ ಕಂಡುಕೊಳ್ಳುತ್ತದೆ; ಒಂದು ಕಿವಿಗೆ ಸದ್ದು ತುಸು ಮೊದಲು, ತುಸು ಜೋರಾಗಿ ತಲುಪಿರುತ್ತದೆ. ಆದರೆ ನೆತ್ತಿಯ ಮೇಲಿನ ಸದ್ದು ಎರಡೂ ಕಿವಿಗಳನ್ನು ಒಟ್ಟಿಗೇ ಮುಟ್ಟುತ್ತದೆ. ಮೇಲೆ-ಕೆಳಗೆ, ಮುಂದೆ-ಹಿಂದೆ ಎಂಬುದನ್ನು ತಿಳಿಸಿಕೊಡುವುದು ಹಾಲೆಯ ಏರುತಗ್ಗುಗಳು. ಸದ್ದು ಯಾವ ಕೋನದಿಂದ ಬಂದಿತೋ ಅದಕ್ಕೆ ತಕ್ಕಂತೆ ಅವು ಕೆಲವು ಸ್ವರಗಳನ್ನು ಎತ್ತಿ, ಕೆಲವನ್ನು ತಗ್ಗಿಸಿ ಕಳಿಸುತ್ತವೆ. ಆ ಬದಲಾವಣೆಯ ಅಚ್ಚನ್ನು ಮಿದುಳು ಬಾಲ್ಯದಿಂದ ಕಲಿತಿರುತ್ತದೆ.

1998ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ಇದನ್ನು ಸೊಗಸಾಗಿ ತೋರಿಸಿಕೊಟ್ಟರು. ಕೆಲವರ ಹಾಲೆಯ ಕುಳಿಗೆ ಅಚ್ಚು ತುಂಬಿ ಅದರ ಆಕಾರ ಬದಲಿಸಿದರು. ಸದ್ದು ಎಷ್ಟು ಎತ್ತರದಿಂದ ಬಂತು ಎಂದು ಗುರುತಿಸುವ ಶಕ್ತಿ ಅವರಿಗೆ ಕೂಡಲೇ ಕೈಕೊಟ್ಟಿತು. ಅಚ್ಚನ್ನು ಹಾಗೇ ಇಟ್ಟುಕೊಂಡು ವಾರಗಳು ಕಳೆದಾಗ ಅವರು ಹೊಸ ಕಿವಿಯಿಂದ ಕೇಳುವುದನ್ನು ಕಲಿತಿದ್ದರು. ಅಚ್ಚು ತೆಗೆದ ಮೇಲೆ ಹಳೆಯ ಕಲಿಕೆಯೂ ಅಳಿಯದೆ ಉಳಿದಿತ್ತು, ಎರಡು ಭಾಷೆ ಬಲ್ಲವರಂತೆ.

## ಗುಗ್ಗೆ ಏಕೆ ಬೇಕು?

ಗುಗ್ಗೆ ಹೊರಗಿನಿಂದ ಬಂದ ಕೊಳೆಯಲ್ಲ. ದೇಹ ಬೇಕೆಂದೇ ತಯಾರಿಸುವ ಲೇಪ. ಕಾಲುವೆಯ ಹೊರಭಾಗದ ಎಣ್ಣೆಗ್ರಂಥಿಗಳ ಜಿಡ್ಡು, ರೂಪಾಂತರಗೊಂಡ ಬೆವರುಗ್ರಂಥಿಗಳ ಸ್ರಾವ, ಉದುರಿದ ಚರ್ಮದ ಕೋಶಗಳು ಸೇರಿ ಅದು ಆಗುತ್ತದೆ. ಜಿಡ್ಡಿನ ಗುಣದಿಂದ ನೀರು ಚರ್ಮಕ್ಕೆ ಇಳಿಯದು. ತುಸು ಆಮ್ಲೀಯವಾದ್ದರಿಂದ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಅಲ್ಲಿ ನೆಮ್ಮದಿಯಾಗಿ ಬೆಳೆಯಲಾರವು. ಧೂಳು, ಹುಳು ಅಂಟಿನಲ್ಲಿ ಸಿಕ್ಕಿಬೀಳುತ್ತವೆ.

ಕೆಲವರ ಗುಗ್ಗೆ ಜೇನಿನಂತೆ ಅಂಟು, ಕೆಲವರದ್ದು ಒಣ ಹೊಟ್ಟಿನಂತೆ. ಇದು ಸ್ವಚ್ಛತೆಯ ವ್ಯತ್ಯಾಸವಲ್ಲ, ವಂಶವಾಹಿಯದು. ಎಬಿಸಿಸಿ11 ಎಂಬ ಒಂದು ಜೀನ್‌ನಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ ಇದನ್ನು ತೀರ್ಮಾನಿಸುತ್ತದೆ ಎಂದು ಜಪಾನಿನ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಪೂರ್ವ ಏಷ್ಯಾದ ಹೆಚ್ಚಿನವರದು ಒಣ ಗುಗ್ಗೆ.

ಈ ಗುಗ್ಗೆ ಹೊರಬರುವುದು ಹೇಗೆ? ಇದೇ ಇಡೀ ವಿಷಯದ ತಿರುಳು. ದೇಹದ ಬೇರೆಡೆ ಚರ್ಮ ಇದ್ದಲ್ಲೇ ಬೆಳೆದು ಇದ್ದಲ್ಲೇ ಉದುರುತ್ತದೆ. ಕಿವಿಯಲ್ಲಿ ಹಾಗಾದರೆ ಎರಡೂವರೆ ಸೆಂಟಿಮೀಟರ್ ನಳಿಕೆ ತನ್ನದೇ ಚೂರುಗಳಿಂದ ತುಂಬಿಹೋದೀತು. ಹಾಗಾಗಿ ಇಲ್ಲಿನ ಚರ್ಮ ಚಲಿಸುತ್ತದೆ. ತಮಟೆಯ ನಡುವಿನಿಂದ ಅಂಚಿಗೆ, ಅಂಚಿನಿಂದ ಕಾಲುವೆಯ ಗೋಡೆಗುಂಟ ಅದರ ಬಾಯಿಯತ್ತ ಅದು ನಿಧಾನವಾಗಿ ಸರಿಯುತ್ತದೆ, ಬಹುಮಟ್ಟಿಗೆ ಉಗುರು ಬೆಳೆಯುವ ವೇಗದಲ್ಲಿ. ತಮಟೆಯ ಮೇಲೆ ಶಾಯಿಯ ಚುಕ್ಕೆಯಿಟ್ಟು ಕೆಲವು ವಾರ ನೋಡಿದರೆ ಚುಕ್ಕೆ ಹೊರಗೆ ಹೊರಟಿರುತ್ತದೆ. ಸಾಗುವ ಪಟ್ಟಿಯ ಮೇಲಿಟ್ಟ ಸಾಮಾನಿನಂತೆ ಗುಗ್ಗೆಯೂ ಅದರ ಜೊತೆ ಬರುತ್ತದೆ. ಅಗಿಯುವಾಗ, ಮಾತನಾಡುವಾಗ ದವಡೆಯ ಅಲುಗಾಟ ಅದನ್ನು ಸಡಿಲಿಸುತ್ತದೆ. ಕಾಲುವೆಯ ಬಾಯಿಯ ಬಳಿ ಒಣಗಿ ಉದುರುತ್ತದೆ. ಕ್ಯಾಮೆರಾದಲ್ಲಿ ಕಂಡು ಬೆಚ್ಚಿದ್ದು ಈ ಮೆರವಣಿಗೆಯ ಒಂದು ಗಳಿಗೆಯನ್ನು.

ತಿಮಿಂಗಿಲಗಳ ಕಾಲುವೆ ಹೊರಗೆ ತೆರೆದಿಲ್ಲದ ಕಾರಣ ಅವುಗಳ ಗುಗ್ಗೆ ಪದರ ಪದರವಾಗಿ ಜೀವನಪರ್ಯಂತ ಸೇರುತ್ತದೆ. 2013ರಲ್ಲಿ ಒಂದು ನೀಲಿ ತಿಮಿಂಗಿಲದ ಗುಗ್ಗೆಯ ಪದರಗಳನ್ನು ಓದಿ ವಿಜ್ಞಾನಿಗಳು ಅದರ ಹಾರ್ಮೋನುಗಳ ಏರಿಳಿತ, ಅದು ಎದುರಿಸಿದ ರಾಸಾಯನಿಕಗಳ ಚರಿತ್ರೆಯನ್ನೇ ಬಿಡಿಸಿಟ್ಟರು.

## ಹತ್ತಿಕಡ್ಡಿ ಮಾಡುವ ಕೆಲಸ

ಹೊರಕ್ಕೆ ಹೊರಟ ಮೆರವಣಿಗೆಗೆ ಎದುರಾಗಿ ಹತ್ತಿಕಡ್ಡಿ ಒಳಕ್ಕೆ ಹೋಗುತ್ತದೆ. ಸ್ವಲ್ಪ ಗುಗ್ಗೆ ತುದಿಗೆ ಅಂಟುತ್ತದೆ; ಅದನ್ನು ಕಂಡು ಸಮಾಧಾನವಾಗುತ್ತದೆ. ಉಳಿದದ್ದು ಕೂದಲು, ಗ್ರಂಥಿಗಳಿಲ್ಲದ ಮೂಳೆಯ ಭಾಗಕ್ಕೆ ಸರಿದು ಒತ್ತಿಕೊಂಡು ಕೂರುತ್ತದೆ. ಜಿಡ್ಡಿನ ಲೇಪ ಒರೆಸಿಹೋದ ಚರ್ಮ ಒಣಗಿ ತುರಿಸುತ್ತದೆ. ತುರಿಸಿತೆಂದು ಮತ್ತೆ ಕಡ್ಡಿ, ಮತ್ತೆ ಸಣ್ಣ ಗೀರು, ಗೀರಿನಲ್ಲಿ ಸೋಂಕು, ಸೋಂಕಿನಿಂದ ಇನ್ನಷ್ಟು ತುರಿಕೆ. ನಾನೂ ವರ್ಷಗಟ್ಟಲೆ ಈ ಸುಳಿಯಲ್ಲಿ ಸಿಕ್ಕಿದ್ದೆ. ಕಡ್ಡಿ ಬಿಟ್ಟು ಮೂರು ವಾರ ತಡೆದುಕೊಂಡಾಗ ತುರಿಕೆ ತಾನಾಗಿಯೇ ನಿಂತಿತು. ಎಲ್ಲರಿಗೂ ಹಾಗೆಯೇ ಆಗುತ್ತದೆಂದಲ್ಲ. ಚರ್ಮದ ಅಲರ್ಜಿ, ಹೊಟ್ಟು, ಶಿಲೀಂಧ್ರದಿಂದಲೂ ತುರಿಕೆ ಬರುತ್ತದೆ.

ಕಿವಿಯಲ್ಲಿಟ್ಟು ಉರಿಸುವ ಮೇಣದ ಕೊಳವೆಗಳೂ ಮಾರಾಟಕ್ಕಿವೆ. ಉರಿದ ಮೇಲೆ ಕೊಳವೆಯಲ್ಲಿ ಕಾಣುವ ಕಂದು ಪುಡಿ ಗುಗ್ಗೆಯಲ್ಲ, ಆ ಮೇಣದ್ದೇ ಶೇಷ. ಪರೀಕ್ಷೆಗಳಲ್ಲಿ ಅದು ಗುಗ್ಗೆಯನ್ನು ಎಳೆದದ್ದು ಕಂಡುಬಂದಿಲ್ಲ. ಸುಟ್ಟ ಗಾಯಗಳು ಮಾತ್ರ ಆಗಿವೆ.

ಇಯರ್‌ಫೋನ್‌ಗಳು ಕಾಲುವೆಯ ಬಾಯಿಗೆ ಬಿರಡೆ ಹಾಕಿದಂತೆ. ಗುಗ್ಗೆ ಹೊರಬೀಳುವ ದಾರಿ ಮುಚ್ಚುತ್ತದೆ, ಒಳಗೆ ತೇವ ಮತ್ತು ಬಿಸಿ ಹೆಚ್ಚುತ್ತದೆ. ನಡುನಡುವೆ ತೆಗೆದು ಕಿವಿಗೆ ಗಾಳಿಯಾಡಲು ಬಿಡುವುದು, ತುದಿಯ ರಬ್ಬರನ್ನು ಒರೆಸಿ ಒಣಗಿಸುವುದು, ಇನ್ನೊಬ್ಬರೊಂದಿಗೆ ಹಂಚಿಕೊಳ್ಳದಿರುವುದು ಸಾಕಷ್ಟು ತೊಂದರೆಯನ್ನು ತಪ್ಪಿಸುತ್ತದೆ.

## ಗುಗ್ಗೆ ನಿಜವಾಗಿಯೂ ಕಟ್ಟಿಕೊಂಡಾಗ

ಕಾಲುವೆ ಕಿರಿದಾಗಿರುವವರಲ್ಲಿ, ಶ್ರವಣಸಾಧನ ಧರಿಸುವವರಲ್ಲಿ, ವಯಸ್ಸಾದವರಲ್ಲಿ ಗುಗ್ಗೆ ಗಟ್ಟಿಯಾಗಿ ದಾರಿ ಮುಚ್ಚುವುದುಂಟು. ಸ್ನಾನದ ಬಳಿಕ ಇದ್ದಕ್ಕಿದ್ದಂತೆ ಕಿವಿ ಮಂದವಾದರೆ, ನೀರು ಹೀರಿ ಗುಗ್ಗೆ ಉಬ್ಬಿರಬಹುದು. ಮೆತ್ತಗಾಗಿಸುವ ಹನಿಗಳನ್ನು ಕೆಲವು ದಿನ ಹಾಕಿದರೆ ಎಷ್ಟೋ ಸಲ ಅದೇ ಕರಗಿ ಬರುತ್ತದೆ. ಇಲ್ಲದಿದ್ದರೆ ವೈದ್ಯರು ನೀರು ಚಿಮ್ಮಿಸಿಯೋ, ಹೀರುವ ಸಾಧನದಿಂದಲೋ ತೆಗೆಯುತ್ತಾರೆ. ತಮಟೆಯಲ್ಲಿ ರಂಧ್ರವಿರುವವರಿಗೆ, ಹಿಂದೆ ಕಿವಿಯ ಶಸ್ತ್ರಚಿಕಿತ್ಸೆ ಆದವರಿಗೆ ನೀರು ಚಿಮ್ಮಿಸುವಂತಿಲ್ಲ. ಅವರು ಹನಿಗಳನ್ನೂ ಕೇಳದೆ ಹಾಕಿಕೊಳ್ಳಬಾರದು.

ಆ ನೀರು ಮೈಯಷ್ಟೇ ಬೆಚ್ಚಗಿರಬೇಕು. ತಣ್ಣಗಿದ್ದರೂ ಬಿಸಿಯಾಗಿದ್ದರೂ ತಲೆ ಗಿರ್ರನೆ ಸುತ್ತುತ್ತದೆ, ಏಕೆಂದರೆ ಪಕ್ಕದಲ್ಲೇ ಇರುವ ಒಳಕಿವಿಯ ಸಮತೋಲನದ ಕೊಳವೆಗಳಲ್ಲಿ ದ್ರವ ಚಲಿಸತೊಡಗುತ್ತದೆ. ರೋಗಿಗಳ ಕಿವಿ ತೊಳೆಯುವಾಗ ಇದನ್ನು ಗಮನಿಸಿದ ರಾಬರ್ಟ್ ಬರಾನಿ ಎಂಬ ವೈದ್ಯರು ಅದರ ಜಾಡು ಹಿಡಿದು ನಡೆಸಿದ ಅಧ್ಯಯನಗಳಿಗೆ 1914ರ ನೊಬೆಲ್ ಪ್ರಶಸ್ತಿ ಪಡೆದರು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಒಂದು ಕಿವಿ ಏಕಾಏಕಿ, ಒಂದೆರಡು ದಿನಗಳೊಳಗೆ ಕೇಳಿಸದಂತಾದರೆ 'ಗುಗ್ಗೆ ಇರಬೇಕು' ಎಂದು ವಾರಗಟ್ಟಲೆ ಕಾಯಬೇಡಿ. ಒಳಕಿವಿಯ ನರಕ್ಕೆ ಪೆಟ್ಟಾದಾಗಲೂ ಹೀಗೆಯೇ ಆಗುತ್ತದೆ. ಅದಕ್ಕೆ ಚಿಕಿತ್ಸೆ ಬೇಗ ಶುರುವಾದಷ್ಟೂ ಶ್ರವಣ ಮರಳುವ ಸಾಧ್ಯತೆ ಹೆಚ್ಚು. ಕಿವಿಯೊಳಗೆ ನೋಡಿದರೆ ಗುಗ್ಗೆ ಇದೆಯೋ ಇಲ್ಲವೋ ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

## ಕಾಲುವೆಯ ಸೋಂಕುಗಳು

ನೀರು ನಿಂತು ಲೇಪ ತೊಳೆದುಹೋಗಿ, ಚರ್ಮ ನೆನೆದು ಮೆತ್ತಗಾದಾಗ ಬ್ಯಾಕ್ಟೀರಿಯಾ ಒಳನುಗ್ಗುತ್ತವೆ. ಈಜುವವರಲ್ಲಿ ಸಾಮಾನ್ಯವಾದ ಈ ಸೋಂಕು ಮೊದಲು ತುರಿಕೆ, ಆಮೇಲೆ ತಡೆಯಲಾರದ ನೋವು, ಸೋರಿಕೆ, ಊತ ತರುತ್ತದೆ. ಹೆಚ್ಚಾಗಿ ಕಾರಣ ಸೂಡೊಮೊನಾಸ್ ಅಥವಾ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ. ಹಾಲೆಯನ್ನು ಎಳೆದರೆ, ಇಲ್ಲವೇ ಕೆನ್ನೆಯ ಕಡೆಯಿಂದ ರಂಧ್ರಕ್ಕೆ ಬಾಗಿಲಿನಂತಿರುವ ಪುಟ್ಟ ಗುಬುಟನ್ನು ಒತ್ತಿದರೆ ನೋವು ಜೋರಾಗುವುದು ಹೊರಕಿವಿಯ ಸೋಂಕಿನ ಗುರುತು. ನಡುಕಿವಿಯದಾದರೆ ಸಾಮಾನ್ಯವಾಗಿ ಹಾಗಾಗದು. ಚಿಕಿತ್ಸೆ ಹೆಚ್ಚಿನವರಿಗೆ ಕಿವಿಗೆ ಹಾಕುವ ಹನಿಗಳೇ. ಮಾತ್ರೆಯಿಂದ ಸಿಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಔಷಧ ನೇರವಾಗಿ ಸೋಂಕಿರುವಲ್ಲಿಗೆ ತಲುಪುತ್ತದೆ. ಗುಣವಾಗುವವರೆಗೆ ಕಿವಿ ಒಣಗಿರಬೇಕು.

ಶಿಲೀಂಧ್ರದ ಸೋಂಕಿನಲ್ಲಿ ನೋವಿಗಿಂತ ತುರಿಕೆ ಮುಂದು. ಒಳಗೆ ನೆನೆದ ಕಾಗದದಂಥ ಬಿಳಿ ಮುದ್ದೆ, ಕೆಲವೊಮ್ಮೆ ಅದರ ಮೇಲೆ ಬೂಷ್ಟಿನ ಕಪ್ಪು ಚುಕ್ಕೆಗಳು ಕಾಣುತ್ತವೆ. ಬ್ಯಾಕ್ಟೀರಿಯಾ ಕೊಲ್ಲುವ ಹನಿಗಳನ್ನು ಬಹುಕಾಲ ಹಾಕಿಕೊಂಡವರಲ್ಲೂ ಇದು ಬರುತ್ತದೆ. ಅದೇ ಹಳೆಯ ಶೀಶೆಯನ್ನು ಪ್ರತಿ ಸಲ ಹುಡುಕಿ ತೆಗೆಯುವುದು ಇದನ್ನು ಬೆಳೆಸಿದಂತೆ. ಮುದ್ದೆಯನ್ನು ವೈದ್ಯರಿಂದ ತೆಗೆಸದೆ ಔಷಧ ಹಿಡಿಯದು.

ಕುರು ಏಳುವುದು ಕೂದಲಿರುವ ಹೊರಭಾಗದಲ್ಲಿ ಮಾತ್ರ. ಚರ್ಮ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಊದಿಕೊಳ್ಳಲು ಜಾಗವೇ ಇಲ್ಲ, ಹಾಗಾಗಿ ಕಾಳಿನಷ್ಟು ಕುರು ನಿದ್ದೆಗೆಡಿಸುತ್ತದೆ.

ಮಧುಮೇಹವಿರುವ ಹಿರಿಯರು, ರೋಗನಿರೋಧಕ ಶಕ್ತಿ ಕುಂದಿದವರು ಕಿವಿ ಸೋಂಕನ್ನು ಹಗುರವಾಗಿ ಕಾಣುವಂತಿಲ್ಲ. ಅವರಲ್ಲಿ ಸೂಡೊಮೊನಾಸ್ ಚರ್ಮವನ್ನು ದಾಟಿ ತಲೆಬುರುಡೆಯ ತಳದ ಮೂಳೆಗೇ ಹಬ್ಬಬಹುದು. ರಾತ್ರಿ ಹೆಚ್ಚುವ ತೀವ್ರ ನೋವು, ಹನಿಗೆ ಬಗ್ಗದ ಸೋರಿಕೆ, ಮುಖ ಒಂದು ಕಡೆ ವಾಲುವುದು ಇದರ ಲಕ್ಷಣಗಳು. ಇದು ಜೀವಕ್ಕೆ ಅಪಾಯ. ವಾರಗಟ್ಟಲೆ ಪ್ರಬಲ ಆ್ಯಂಟಿಬಯೋಟಿಕ್ ಬೇಕಾಗುತ್ತದೆ.

## ಹಾಲೆಗೆ ಪೆಟ್ಟಾದರೆ

ಮೃದ್ವಸ್ಥಿಗೆ ತನ್ನದೇ ರಕ್ತನಾಳವಿಲ್ಲ ಎಂದೆನಲ್ಲ, ಅದು ಇಲ್ಲಿ ಮುಖ್ಯವಾಗುತ್ತದೆ. ಕುಸ್ತಿಯಲ್ಲೋ ಬಾಕ್ಸಿಂಗ್‌ನಲ್ಲೋ ಹಾಲೆಗೆ ಪೆಟ್ಟುಬಿದ್ದಾಗ ಹೊದಿಕೆ ಮತ್ತು ಮೃದ್ವಸ್ಥಿಯ ನಡುವೆ ರಕ್ತ ತುಂಬಿಕೊಳ್ಳುತ್ತದೆ. ಹೊದಿಕೆಯಿಂದ ಬೇರ್ಪಟ್ಟ ಮೃದ್ವಸ್ಥಿ ಹಸಿವಿನಿಂದ ಸಾಯುತ್ತದೆ. ಆ ಜಾಗದಲ್ಲಿ ಗಂಟುಗಂಟಾದ ಅಂಗಾಂಶ ಬೆಳೆದು ಹಾಲೆ ಹೂಕೋಸಿನಂತೆ ಮುದುಡುತ್ತದೆ. ಕೆಲವು ದಿನಗಳೊಳಗೆ ರಕ್ತವನ್ನು ಹೊರತೆಗೆದು ಒತ್ತಿ ಕಟ್ಟಿದರೆ ಆಕಾರ ಉಳಿಯುತ್ತದೆ.

ಹಾಲೆಯ ಮೇಲಂಚಿಗೆ ಚುಚ್ಚಿಸಿಕೊಳ್ಳುವುದು ತುದಿಗೆ ಚುಚ್ಚಿಸಿಕೊಂಡಂತಲ್ಲ. ಮೃದ್ವಸ್ಥಿಗೆ ಸೋಂಕು ತಗುಲಿದರೆ ರಕ್ತದ ಮೂಲಕ ಔಷಧ ಅಲ್ಲಿಗೆ ಸುಲಭವಾಗಿ ತಲುಪದು. ಚುಚ್ಚಿಸಿದ ಮೇಲೆ ಹಾಲೆ ಕೆಂಪೇರಿ ಊದಿ, ತುದಿಯೊಂದು ಮಾತ್ರ ಸಹಜವಾಗಿ ಉಳಿದರೆ ಮೃದ್ವಸ್ಥಿಯ ಹೊದಿಕೆಗೆ ಸೋಂಕಾಗಿದೆ ಎಂದು ಶಂಕಿಸಬೇಕು.

ಹಾಲೆಯ ಮೇಲೆ ನೀರುಗುಳ್ಳೆಗಳು, ಜೊತೆಗೆ ಕಿವಿನೋವು, ಅದೇ ಬದಿಯ ಮುಖ ವಾಲುವುದು: ಇದು ಚಿಕನ್‌ಪಾಕ್ಸ್ ವೈರಸ್ಸೇ ಮತ್ತೆ ತಲೆಯೆತ್ತಿ ತರುವ ಸರ್ಪಸುತ್ತು. ಮೊದಲ ಮೂರು ದಿನಗಳಲ್ಲಿ ಔಷಧ ಶುರುವಾಗುವುದು ಬಹಳ ಮುಖ್ಯ.

## ಏನಾದರೂ ಒಳಗೆ ಹೋದರೆ

ಮಕ್ಕಳು ಮಣಿ, ಕಾಳು, ರಬ್ಬರ್ ಚೂರುಗಳನ್ನು ಕಿವಿಗೆ ತುರುಕಿಕೊಳ್ಳುತ್ತಾರೆ. ಕಾಳು ಎಂದು ಗೊತ್ತಿದ್ದರೆ ನೀರು ಹಾಕಬಾರದು, ಅದು ಉಬ್ಬಿ ಬಿಗಿಯುತ್ತದೆ. ಗುಂಡಗಿನ ಮಣಿಯನ್ನು ಚಿಮುಟದಿಂದ ಹಿಡಿಯಹೋದರೆ ಜಾರಿ ಇನ್ನೂ ಆಳಕ್ಕೆ ಹೋಗುತ್ತದೆ. ಗುಂಡಿಯಾಕಾರದ ಪುಟ್ಟ ಬ್ಯಾಟರಿಯಾದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು. ತೇವ ತಗುಲಿದ ಬ್ಯಾಟರಿ ಕೆಲವೇ ಗಂಟೆಗಳಲ್ಲಿ ಚರ್ಮವನ್ನು ಸುಡುತ್ತದೆ. ಅಲ್ಲಿ ಯಾವ ಹನಿಯನ್ನೂ ಹಾಕಬಾರದು. ಜೀವಂತ ಹುಳು ಹೊಕ್ಕರೆ, ತಮಟೆ ಸರಿಯಿದೆ ಎಂದು ಖಚಿತವಿದ್ದಲ್ಲಿ ಉಗುರುಬೆಚ್ಚಗಿನ ಎಣ್ಣೆಯ ಕೆಲವು ಹನಿ ಅದರ ಒದ್ದಾಟ ನಿಲ್ಲಿಸುತ್ತದೆ. ಹೊರತೆಗೆಯುವ ಕೆಲಸ ವೈದ್ಯರಿಗೆ.

## ಕಿವಿ ಸರಿಯಿದ್ದೂ ಕಿವಿ ನೊಂದರೆ

ಕಿವಿಯೊಳಗೆ ಕಡ್ಡಿ ತಾಗಿದಾಗ ಕೆಲವರಿಗೆ ಕೆಮ್ಮು ಬರುತ್ತದೆ. ಗಂಟಲು, ಎದೆ, ಹೊಟ್ಟೆಯವರೆಗೆ ಇಳಿಯುವ ವೇಗಸ್ ಎಂಬ ನರದ ಒಂದು ಕವಲು ಕಿವಿಗಾಲುವೆಗೂ ಬರುತ್ತದೆ. ಕಿವಿಯ ಮುಟ್ಟುವಿಕೆಯನ್ನು ಮಿದುಳು ಗಂಟಲಿನದೆಂದು ತಿಳಿದುಬಿಡುತ್ತದೆ. ಈ ತಪ್ಪು ತಿಳಿವಳಿಕೆ ತಿರುಗುಮುರುಗಾಗಿಯೂ ನಡೆಯುತ್ತದೆ. ಹಲ್ಲು, ದವಡೆಯ ಕೀಲು, ಟಾನ್ಸಿಲ್, ನಾಲಿಗೆಯ ಬುಡದಿಂದ ಬರುವ ನರಗಳಿಗೂ ಕಿವಿಗೂ ಒಂದೇ ದಾರಿ. ಹಾಗಾಗಿ ಹುಳುಕು ದವಡೆಹಲ್ಲಿನ ನೋವು ಕಿವಿಯಲ್ಲಿ ಕೇಳಿಬರುತ್ತದೆ. ವಯಸ್ಕರಲ್ಲಿ ಒಂದೇ ಕಿವಿಯ ನೋವು ವಾರಗಟ್ಟಲೆ ಉಳಿದು, ಒಳಗೆ ನೋಡಿದರೆ ಕಾಲುವೆಯೂ ತಮಟೆಯೂ ಚೊಕ್ಕವಾಗಿದ್ದರೆ, ಕಿವಿಗೆ ಹನಿ ಹಾಕುತ್ತಾ ಕೂರದೆ ಬಾಯಿ ಮತ್ತು ಗಂಟಲನ್ನು ಪರೀಕ್ಷಿಸಿಕೊಳ್ಳಬೇಕು. ಅದರಲ್ಲೂ ತಂಬಾಕಿನ ಅಭ್ಯಾಸವಿರುವವರು ತಡಮಾಡಬಾರದು. ಗಂಟಲಿನ ಕ್ಯಾನ್ಸರ್ ಕೆಲವೊಮ್ಮೆ ಮೊದಲು ತಿಳಿಸುವುದು ಕಿವಿಯ ಮೂಲಕವೇ.